ಅಡ್ರಿನಲ್ ಮೆಡುಲ್ಲದ ಕೋಶಗಳು ಬಂದ ದಾರಿ

ಅಡ್ರಿನಲ್ ಗ್ರಂಥಿಯ ಒಳತಿರುಳಾದ ಮೆಡುಲ್ಲದಲ್ಲಿ ಅಡ್ರಿನಲಿನ್ ಸ್ರವಿಸುವ ಕ್ರೋಮಾಫಿನ್ ಕೋಶಗಳಿಗೂ ಬೆನ್ನೆಲುಬಿನ ಇಕ್ಕೆಲಗಳ ಸಿಂಪಥೆಟಿಕ್ ನರಕೋಶಗಳಿಗೂ ತವರು ಒಂದೇ: ಭ್ರೂಣದ ನರಕೊಳವೆಯ ಬೆನ್ನಂಚಿನಿಂದ ವಲಸೆ ಹೊರಡುವ ನ್ಯೂರಲ್ ಕ್ರೆಸ್ಟ್. ಇದನ್ನು ಖಚಿತಪಡಿಸಿದ್ದು ಫ್ರಾನ್ಸಿನ ನಿಕೋಲ್ ಲ ದ್ವಾರಾಂ 1969ರಿಂದಾಚೆಗೆ ರೂಪಿಸಿದ ಕಸಿವಿಧಾನ. ಲಾವಕ್ಕಿಯ ಕೋಶಕೇಂದ್ರದಲ್ಲಿ ಕ್ರೊಮಾಟಿನ್ ಗಟ್ಟಿಯಾಗಿ ಮುದ್ದೆಗಟ್ಟಿರುತ್ತದೆ, ಕೋಳಿಯದರಲ್ಲಿ ಚದುರಿರುತ್ತದೆ. ಲಾವಕ್ಕಿಯ ನರಕೊಳವೆಯ ತುಣುಕನ್ನು ಕೋಳಿಯ ಭ್ರೂಣಕ್ಕೆ ಕಸಿಮಾಡಿ ಬಣ್ಣ ಹಾಕಿದರೆ, ಯಾವ ಕೋಶ ಯಾವ ಹಕ್ಕಿಯದೆಂದು ಸೂಕ್ಷ್ಮದರ್ಶಕವೇ ಹೇಳುತ್ತದೆ. ಮೆಡುಲ್ಲಕ್ಕೆ ಬಂದವು 18ರಿಂದ 24ನೇ ಸೋಮೈಟ್ (ನರಕೊಳವೆಯ ಇಕ್ಕೆಲಗಳಲ್ಲಿ ಸಾಲಾಗಿರುವ ಅಂಗಾಂಶದ ತುಂಡು) ಮಟ್ಟದ ಕೋಶಗಳು.

ಪಠ್ಯಪುಸ್ತಕಗಳು ಇದರ ಮೇಲೆ ಅಚ್ಚುಕಟ್ಟಾದ ಕಥೆ ಕಟ್ಟಿದವು. ಮಹಾಪಧಮನಿಯ ಬಳಿ ಬಿಎಂಪಿ ಎಂಬ ಸಂಕೇತ ಪ್ರೋಟೀನ್‌ಗಳ ಪ್ರಭಾವದಲ್ಲಿ ಒಂದು ಸಮಾನ ಪೂರ್ವಜ ಕೋಶ ಸಿದ್ಧವಾಗುತ್ತದೆ. ಗ್ರಂಥಿಯನ್ನು ಹೊಕ್ಕದ್ದು ಅಲ್ಲಿನ ಗ್ಲುಕೊಕಾರ್ಟಿಕಾಯ್ಡ್ ಎಂಬ ಸ್ಟಿರಾಯ್ಡ್ ಹಾರ್ಮೋನಿನಿಂದ ಕ್ರೋಮಾಫಿನ್ ಆಗುತ್ತದೆ, ಹೊರಗುಳಿದದ್ದು ನರಕೋಶ. ಈ ಕಥೆಯ ಕೊನೆಯ ಭಾಗಕ್ಕೆ 1999ರಲ್ಲೇ ಪೆಟ್ಟು ಬಿತ್ತು. ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕವೇ ಇಲ್ಲದ ಇಲಿಮರಿಗಳಲ್ಲೂ ಕ್ರೋಮಾಫಿನ್ ಕೋಶಗಳು ಇದ್ದವು. ಇಲ್ಲದ್ದು ನಾರಡ್ರಿನಲಿನ್ ಅನ್ನು ಅಡ್ರಿನಲಿನ್ ಆಗಿಸುವ ಕಿಣ್ವ ಮಾತ್ರ. ಅಂದರೆ ಸ್ಟಿರಾಯ್ಡ್ ಬೇಕಾದದ್ದು ಕೋಶದ ಕಸುಬಿಗೆ, ಹುಟ್ಟಿಗಲ್ಲ.

ಸಮಾನ ಪೂರ್ವಜ ಕೋಶದ ಮಾತಿಗೆ ದೊಡ್ಡ ತಿದ್ದುಪಡಿ ಬಂದದ್ದು 2017ರಲ್ಲಿ, ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಇಗೋರ್ ಅಡಮೆಯ್ಕೊ ಮತ್ತು ಸಂಗಡಿಗರಿಂದ. ಬೆಳೆಯುತ್ತಿರುವ ನರಗಳಿಗೆ ಅಂಟಿಕೊಂಡ ಶ್ವಾನ್ ಪೂರ್ವಕೋಶಗಳಿಗೆ ಅವರು ಇಲಿಯ ಭ್ರೂಣದಲ್ಲಿ ತಳಿಗುರುತು ಹಾಕಿದರು. ಅದು ಮುಂದೆ ಬಹುಪಾಲು ಕ್ರೋಮಾಫಿನ್ ಕೋಶಗಳಲ್ಲಿ ಕಂಡಿತು. ಈ ಪೂರ್ವಕೋಶಗಳು ನರವನ್ನೇ ಹಿಡಿದು ಗ್ರಂಥಿಯ ಸಮೀಪಕ್ಕೆ ಬಂದು, ಅಲ್ಲಿ ನರದಿಂದ ಕಳಚಿಕೊಂಡು, ಅಲ್ಪಾಯುಷಿಯಾದ ಒಂದು ನಡುಸ್ಥಿತಿಯನ್ನು ದಾಟಿ ಕ್ರೋಮಾಫಿನ್ ಆಗುತ್ತವೆ. ಆ ನರಗಳನ್ನು ಇಲ್ಲವಾಗಿಸಿದರೆ ಮೆಡುಲ್ಲ ಬಡವಾಗುತ್ತದೆ. ನನಗೆ ಇದರಲ್ಲಿ ಅತ್ಯಂತ ಕುತೂಹಲಕರವಾದ ಸಂಗತಿ ಬೇರೆಯೇ: ಈ ಕೋಶಗಳನ್ನು ಕರೆತಂದ ನರವೇ ಮುಂದೆ ಅವುಗಳೊಂದಿಗೆ ಸಿನಾಪ್ಸ್ ಕಟ್ಟಿಕೊಂಡು ‘ಅಡ್ರಿನಲಿನ್ ಬಿಡು’ ಎಂದು ಆಜ್ಞೆ ಮಾಡುತ್ತದೆ.

ಇದರಿಂದ ಲ ದ್ವಾರಾಂ ಅವರ ಫಲಿತಾಂಶಕ್ಕೇನೂ ಕುಂದಿಲ್ಲ. ಶ್ವಾನ್ ಪೂರ್ವಕೋಶಗಳೂ ನ್ಯೂರಲ್ ಕ್ರೆಸ್ಟಿನ ಸಂತಾನವೇ. ಲಾವಕ್ಕಿಯ ಗುರುತು ಕೋಶ ಎಲ್ಲಿಂದ ಹೊರಟಿತೆಂದು ಹೇಳುತ್ತದೆ. ಯಾವಾಗ, ಯಾರ ಜೊತೆ ಬಂತೆಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ.

ಇಲಿಯ ಮಾತನ್ನು ಮನುಷ್ಯನಿಗೆ ಹಾಗೇ ಅನ್ವಯಿಸಲೂ ಆಗದು. 2021ರಲ್ಲಿ ಮಾನವ ಭ್ರೂಣಗಳ ಬಿಡಿ ಕೋಶಗಳ ಆರ್‌ಎನ್‌ಎ ಓದಿದಾಗ, ಶ್ವಾನ್ ಪೂರ್ವಕೋಶಗಳು ಗ್ರಂಥಿಯೊಳಗೆ ಕ್ರೋಮಾಫಿನ್ ಕೋಶಗಳಿಗಷ್ಟೇ ಅಲ್ಲ, ಸಿಂಪಥೋಬ್ಲಾಸ್ಟ್ ಎಂಬ ಎಳೆಯ ನರಕೋಶಗಳಿಗೂ ಜನ್ಮ ಕೊಡುವ ಸೂಚನೆ ಸಿಕ್ಕಿತು. ಎಳೆಮಕ್ಕಳ ನ್ಯೂರೋಬ್ಲಾಸ್ಟೋಮಾ ಗಡ್ಡೆ ಹೆಚ್ಚಾಗಿ ಅಡ್ರಿನಲ್‌ನಲ್ಲೇ ಹುಟ್ಟುವುದರಿಂದ, ಅದರ ಮೂಲಕೋಶದ ಹುಡುಕಾಟ ಈಗ ಈ ಸಿಂಪಥೋಬ್ಲಾಸ್ಟ್‌ಗಳತ್ತ ತಿರುಗಿದೆ.