ಗೂಢಲಿಪಿಯ ದಿನಚರಿ

ದಿನಚರಿ ಬರೆಯುವವನು ಯಾರಿಗಾಗಿ ಬರೆಯುತ್ತಾನೆ? ಲಂಡನ್ನಿನ ನೌಕಾ ಇಲಾಖೆಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ 1660ರಿಂದ 1669ರವರೆಗಿನ ತನ್ನ ದಿನಚರಿಯನ್ನು ಶೀಘ್ರಲಿಪಿಯಲ್ಲಿ ಬರೆದನು. ಹೆಂಡತಿಗೆ ತಿಳಿಯಬಾರದ ಪ್ರಸಂಗ ಬಂದಲ್ಲಿ ಸ್ಪ್ಯಾನಿಷ್, ಫ್ರೆಂಚ್ ಮಾತುಗಳನ್ನು ಬೆರೆಸಿ ಮತ್ತಷ್ಟು ಮರೆಮಾಡಿದನು.

ಆದರೆ ಅದನ್ನು ಸುಡಲಿಲ್ಲ. ಆರು ಸಂಪುಟಗಳಾಗಿ ಕಟ್ಟಿಸಿದನು. ಅವನ ಮೂರು ಸಾವಿರ ಗ್ರಂಥಗಳೊಡನೆ ಅವು ಕೇಂಬ್ರಿಜ್ಜಿನ ಮಾಡ್ಲಿನ್ ಕಾಲೇಜನ್ನು ಸೇರಿದುವು. ಆ ಲಿಪಿಯನ್ನು ಕಲಿಸುವ ಶೆಲ್ಟನ್ನನ ಕೈಪಿಡಿಯೂ ಅದೇ ಭಂಡಾರದಲ್ಲಿತ್ತು! ಅದನ್ನರಿಯದ ಜಾನ್ ಸ್ಮಿತ್ ಎಂಬ ಬಡ ವಿದ್ಯಾರ್ಥಿ 1819ರಿಂದ ಮೂರು ವರ್ಷ ಹೆಣಗಿ ಬರಹವನ್ನು ಬಿಡಿಸಿದನು. 1825ರಲ್ಲಿ ಆಯ್ದ ಭಾಗಗಳು ಅಚ್ಚಾದಾಗ ಹೆಸರು ಬಂದದ್ದು ಸಂಪಾದಕರಾದ ಬ್ರೇಬ್ರೂಕ್ ಪ್ರಭುಗಳಿಗೆ. ಅದಿರಲಿ.

ಇಂದು ಅನೇಕರು ತಮ್ಮ ದಿನಚರಿಯನ್ನು ಬರೆದ ಗಳಿಗೆಯಲ್ಲೇ ಅಂತರ್ಜಾಲದಲ್ಲಿ ಲೋಕದ ಮುಂದಿಡುತ್ತಾರೆ. ಪೀಪ್ಸನಿಗೂ ಓದುಗ ಬೇಕಾಗಿದ್ದನೆಂದೇ ನನ್ನ ಎಣಿಕೆ. ಆದರೆ ತಾನು ಕಣ್ಣು ಮುಚ್ಚಿದ ಮೇಲೆ.

ಈ ಸವಲತ್ತು ಅವನ ಹೆಂಡತಿಗೆ ದೊರೆಯಲಿಲ್ಲ. 1663ರ ಜನವರಿಯಲ್ಲಿ ಎಲಿಜಬೆತ್ ತನ್ನ ಒಂಟಿತನದ ದುಃಖವನ್ನು ಕಾಗದದಲ್ಲಿ ಬರೆದು ಅವನಿಗೆ ಓದಿ ಹೇಳಿದಳು. ಅದು ಎಲ್ಲರಿಗೂ ತಿಳಿಯುವ ಇಂಗ್ಲಿಷಿನಲ್ಲಿತ್ತು. ಬಹುಪಾಲು ನಿಜವೂ ಆಗಿತ್ತು. ಪರರ ಕಣ್ಣಿಗೆ ಬಿದ್ದೀತೆಂದು ಪೀಪ್ಸ್ ಅದನ್ನು ಹರಿದುಹಾಕಿದನು. ಹರಿದ ಸಂಗತಿಯನ್ನು ತನ್ನ ಶೀಘ್ರಲಿಪಿಯಲ್ಲಿ ಬರೆದಿಟ್ಟನು.