ಬಿದ್ದವನ ಸರದಿ

‘ನಾಕ್ ಆದೆ ಕಣೋ, ಬೇಗ ರಿವೈವ್ ಕೊಡೋ!’ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗಿನ ತೋಟಗಳಲ್ಲಿ ಈಗ ಈ ಕೂಗು ಸಾಮಾನ್ಯ. ಮೊಬೈಲ್ ಹಿಡಿದು ಕೂತ ನಾಲ್ವರಲ್ಲಿ ಒಬ್ಬ ಗುಂಡು ತಿಂದು ಬಿದ್ದಿರುತ್ತಾನೆ. ಪಕ್ಕದಲ್ಲೇ ಕೂತವನು ಆಟದೊಳಗೆ ಓಡಿ ಬಂದು ಅವನನ್ನು ಎಬ್ಬಿಸಬೇಕು.

ವಿಡಿಯೊ ಗೇಮಿನಲ್ಲಿ ಮೊದಮೊದಲು ಜೀವ ಸಿಗುತ್ತಿದ್ದುದು ದುಡ್ಡಿಗೆ. 1985ರ ‘ಗಾಂಟ್ಲೆಟ್’ನಲ್ಲಿ ನಾಲ್ವರು ಒಟ್ಟಿಗೆ ಆಡಬಹುದಿತ್ತು, ಆದರೆ ಸುಮ್ಮನೆ ನಿಂತರೂ ಆಯುಸ್ಸು ಕರಗುತ್ತಿತ್ತು. ಊಟ ಸಿಕ್ಕರೆ ಚೇತರಿಕೆ, ಇಲ್ಲವಾದರೆ ಯಂತ್ರಕ್ಕೆ ಇನ್ನೊಂದು ನಾಣ್ಯ. ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ‘ಕಾಂಟ್ರಾ’ದಲ್ಲಿ ಮೂರು ಜೀವ, ಗುಟ್ಟಿನ ಗುಂಡಿಗಳನ್ನು ಒತ್ತಿದರೆ ಮೂವತ್ತು. ಬಿದ್ದವನು ಜೊತೆಗಾರನ ಕೈಗಾಗಿ ಕಾಯುವ ರೀತಿಯನ್ನು ಮನೆಮಾತಾಗಿಸಿದ್ದು 2006ರ ‘ಗೇರ್ಸ್ ಆಫ್ ವಾರ್’, 2008ರ ‘ಲೆಫ್ಟ್ ಫೋರ್ ಡೆಡ್’ನಂಥ ಆಟಗಳು. ನಮ್ಮ ಹುಡುಗರಿಗೆ ಅದು ತಲುಪಿದ್ದು ಪಬ್‌ಜಿಯಿಂದ. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. 2021ರ ಜುಲೈನಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು. ಆಟಕ್ಕೂ ರಿವೈವ್ ಸಿಕ್ಕಿತು ಅನ್ನಿ.

ಇದರ ನಿಯಮ ಜಾಣತನದ್ದು. ಎಬ್ಬಿಸುವಷ್ಟು ಹೊತ್ತು ಎಬ್ಬಿಸುವವನು ಗುಂಡು ಹಾರಿಸುವಂತಿಲ್ಲ. ಆದ್ದರಿಂದ ಪಳಗಿದವರು ಮೊದಲು ಹೊಗೆಬಾಂಬ್ ಎಸೆಯುತ್ತಾರೆ. ಎದ್ದವನಿಗೆ ಎಳ್ಳಷ್ಟೇ ಜೀವ. ಬ್ಯಾಂಡೇಜ್ ಚೂರುಚೂರೇ ತುಂಬುತ್ತದೆ, ಫಸ್ಟ್ ಏಡ್ ಕಿಟ್ ನೂರಕ್ಕೆ 75ರವರೆಗೆ, ಮೆಡ್ ಕಿಟ್ ಪೂರ್ತಿ. ಗೆಳೆಯನನ್ನು ಉಳಿಸಲು ತನ್ನ ಜೀವವನ್ನೇ ಒಡ್ಡಬೇಕು ಎನ್ನುವುದು ನನಗೆ ಹಿಡಿಸಿತ್ತು. ಆದರೆ ಎಬ್ಬಿಸಬೇಕೇ ಬೇಡವೇ ಎಂಬುದು ನಿಂತವನ ಮರ್ಜಿ. ನನ್ನ ಅಕ್ಕನ ಮಗ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನು, ಗುರಿಯೂ ಅಷ್ಟಕ್ಕಷ್ಟೆ. ಅವನು ಬಿದ್ದಾಗ ಉಳಿದವರು ಮೊದಲು ಕೇಳುವುದು, ‘ನಿನ್ನ ಹತ್ತಿರ ಯಾವ ಗನ್ ಇದೆ?’

ಇದೇ ಹುಡುಗರು ಊರ ಜಾತ್ರೆಯಲ್ಲಿ ಹೊನಲು ಬೆಳಕಿನ ಕಬಡ್ಡಿಯನ್ನೂ ಆಡುತ್ತಾರೆ. ಅಲ್ಲಿ ಬಿದ್ದವನು ಏಳುವುದಕ್ಕೆ ಹಳೆಯ ಹೆಸರೇ ಇದೆ: ಸಂಜೀವಿನಿ. ಲಕ್ಷ್ಮಣನಿಗಾಗಿ ಹನುಮಂತ ಬೆಟ್ಟ ಹೊತ್ತ ಕತೆಯ ಹೆಸರು. ಅರಸೀಕೆರೆ ದಾಟಿದರೆ ಸಿಗುವ ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ಅರ್ಜುನ ಏಳಬೇಕಾದರೂ ನಾಗಲೋಕದಿಂದ ಮಣಿ ಬರಬೇಕಾಯಿತು. ಕಬಡ್ಡಿಗೆ ಬೆಟ್ಟವೂ ಬೇಡ, ಮಣಿಯೂ ಬೇಡ. ಎದುರಾಳಿ ಒಬ್ಬ ಔಟಾದರೆ ನಮ್ಮವನೊಬ್ಬ ಒಳಗೆ. ಹಿಂದೆ ಇದಕ್ಕೆ ಬೇರೆ ರೂಪಗಳೂ ಇದ್ದವು. ‘ಗಾಮಿನಿ’ಯಲ್ಲಿ ಔಟಾದವನು ಹೊರಗೇ ಉಳಿಯುತ್ತಿದ್ದ. ‘ಅಮರ್’ನಲ್ಲಿ ಮುಟ್ಟಿಸಿಕೊಂಡವನು ಹೊರಗೆ ಹೋಗುತ್ತಲೇ ಇರಲಿಲ್ಲ, ಎದುರಾಳಿಗೆ ಅಂಕ ಮಾತ್ರ ಸೇರುತ್ತಿತ್ತು. 1990ರಲ್ಲಿ ಬೀಜಿಂಗ್ ಏಷ್ಯನ್ ಗೇಮ್ಸ್‌ಗೆ ಹೋದ, 2014ರಿಂದ ಪ್ರೊ ಕಬಡ್ಡಿಯಾಗಿ ಟಿವಿಗೆ ಬಂದ ಆಟದಲ್ಲಿ ಉಳಿದದ್ದು ಸಂಜೀವಿನಿಯ ನಿಯಮ.

ಆ ನಿಯಮದಲ್ಲಿ ನನಗೆ ದೊಡ್ಡದಾಗಿ ಕಾಣುವುದು ಸರದಿ. ಮೊದಲು ಔಟಾದವನು ಮೊದಲು ಒಳಗೆ. ತಂಡದ ಹೆಸರಾಂತ ರೈಡರ್ ಕೊನೆಗೆ ಔಟಾಗಿದ್ದರೆ ಅವನೂ ಗೆರೆಯಾಚೆ ಕಾಯಬೇಕು, ಆಮೆಯಂತೆ ಆಡುವವನು ಮೊದಲು ಎದ್ದು ಹೋಗುತ್ತಾನೆ. ನಾಯಕನಿಗೂ ಆಯ್ಕೆಯಿಲ್ಲ. ಬೋನಸ್ ಅಂಕಕ್ಕೆ ಯಾರೂ ಏಳುವುದಿಲ್ಲ. ಏಳೂ ಮಂದಿ ಔಟಾದರೆ ಲೋನಾ: ಎದುರಾಳಿಗೆ ಎರಡು ಅಂಕ ಹೆಚ್ಚು, ಏಳೂ ಮಂದಿ ಮತ್ತೆ ಅಂಕಣದೊಳಗೆ.