ಮೈ ದಣಿದರೆ ಸಾಕೇ?

ಆಲ್ಕೊಳದ ಹಿರಿಯರು ಹೇಳುತ್ತಿದ್ದ ಒಂದು ಮಾತನ್ನು ಕೇಳುತ್ತಲೇ ಬೆಳೆದವನು ನಾನು: "ಮೈಮುರಿದು ದುಡಿಯುವವನಿಗೆ ಸಕ್ಕರೆ ಕಾಯಿಲೆ ಬರುವುದಿಲ್ಲ." ಆ ಮಾತು ನಮ್ಮ ಮನೆಯಲ್ಲೇ ಸುಳ್ಳಾಯಿತು. ಭದ್ರಾವತಿಯಲ್ಲಿ ಲೋಡಿಂಗ್ ಕೆಲಸ ಮಾಡಿ, ರಜೆಯ ದಿನ ಗದ್ದೆಗಿಳಿಯುತ್ತಿದ್ದ ಅಪ್ಪನಿಗೆ ಐವತ್ತೆರಡನೇ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂತು. ಕಳೆದ ವರ್ಷ, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ನನಗೂ ವೈದ್ಯರು "ಗಡಿಯಲ್ಲಿದ್ದೀರಿ" ಎಂದರು. ದುಡಿದವರಿಗೂ ಬಂತು, ಕೂತವನಿಗೂ ಬರುವಂತಿದೆ. ಹಾಗಾದರೆ ಕಾರಣ ಯಾವುದು?

ಪ್ರಶ್ನೆ ಹೊಸದಲ್ಲ. ಪ್ರಮೇಹಕ್ಕೆ ಕಾರಣ ಹೇಳುವಾಗ ಚರಕಸಂಹಿತೆ ಸುಖವಾಗಿ ಕೂರುವುದು, ಮಲಗುವುದನ್ನು ಹೆಸರಿಸುತ್ತದೆ; ಜೊತೆಗೇ ಮೊಸರು, ಹೊಸ ಧಾನ್ಯ, ಬೆಲ್ಲದ ತಿನಿಸುಗಳನ್ನೂ ಸೇರಿಸುತ್ತದೆ. ನಾವು ಮೊದಲರ್ಧವನ್ನು ಮಾತ್ರ ನೆನಪಿಟ್ಟುಕೊಂಡೆವು.

ನಮ್ಮ ಸೀಮೆಯಲ್ಲಿ ದುಡಿಮೆಯ ರೂಪ ನೂರು ವರ್ಷಗಳಲ್ಲಿ ಬದಲಾಗಿದೆ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. 1936ರಲ್ಲಿ ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ನೇಗಿಲು ಹಿಡಿದ ಕೈಗಳು ಕುಲುಮೆಯ ಮುಂದೆ ನಿಂತವು. ನಂತರ ಯಂತ್ರ ಬಂತು, ಬೈಕ್ ಬಂತು. ನಮ್ಮೂರಿನ ಗದ್ದೆಗಳು ಬಡಾವಣೆಗಳಾದವು.

ಕಾರ್ಖಾನೆಯ ದುಡಿಮೆ ಮತ್ತು ತೂಕದ ಬಗ್ಗೆ ಒಂದು ಹಳೆಯ ಅಧ್ಯಯನ ನಮ್ಮ ದೇಶದಲ್ಲೇ ನಡೆದಿದೆ. ಪೋಷಣಾ ವಿಜ್ಞಾನಿ ಜೀನ್ ಮೇಯರ್ ಮತ್ತು ಸಂಗಡಿಗರು ಪಶ್ಚಿಮ ಬಂಗಾಳದ ಸೆಣಬಿನ ಕಾರ್ಖಾನೆಯ ಕೆಲಸಗಾರರನ್ನು ಪರೀಕ್ಷಿಸಿ 1956ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊರೆ ಹೊರುವವರು ಹೆಚ್ಚು ಉಣ್ಣುತ್ತಿದ್ದರು, ಆದರೆ ದಪ್ಪಗಿರಲಿಲ್ಲ. ಕೂತು ಕೆಲಸ ಮಾಡುವವರು ಕಡಿಮೆ ಉಣ್ಣಬೇಕಿತ್ತಲ್ಲವೇ? ಅವರೂ ಹೆಚ್ಚೇ ಉಣ್ಣುತ್ತಿದ್ದರು, ತೂಕವೂ ಹೆಚ್ಚಿತ್ತು. ತೀರಾ ಕೂತರೆ ಹಸಿವಿನ ಲೆಕ್ಕ ತಪ್ಪುತ್ತದೆ ಎಂಬುದು ಇದರ ಪಾಠ.

ಆದರೆ ಇತ್ತೀಚಿನ ಅಳತೆಗಳು ಬೇರೆ ಕಥೆ ಹೇಳುತ್ತವೆ. 2012ರಲ್ಲಿ ಹರ್ಮನ್ ಪಾಂಟ್ಜರ್ ತಂಡ ಟಾಂಜಾನಿಯಾದ ಹಡ್ಜಾ ಬೇಟೆಗಾರರು ದಿನಕ್ಕೆ ಖರ್ಚು ಮಾಡುವ ಶಕ್ತಿಯನ್ನು ಅಳೆಯಿತು. ದೇಹದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಅದು ಅಮೆರಿಕ, ಯುರೋಪಿನ ಜನರ ಖರ್ಚಿನಷ್ಟೇ ಇತ್ತು! ಹೆಚ್ಚು ದುಡಿದಾಗ ದೇಹ ಬೇರೆ ಕಡೆ ಉಳಿತಾಯ ಮಾಡುತ್ತದೆ ಎಂಬುದು ಅವರ ವಿವರಣೆ. 2025ರಲ್ಲಿ 34 ಸಮುದಾಯಗಳ 4,213 ವಯಸ್ಕರನ್ನು ಹೋಲಿಸಿದ ಅಧ್ಯಯನವೂ ಬೊಜ್ಜಿಗೆ ಚಟುವಟಿಕೆಯ ಕೊರತೆಗಿಂತ ಆಹಾರವೇ ಬಹುದೊಡ್ಡ ಕಾರಣ ಎಂದಿತು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಅಡುಗೆಮನೆ. ಅಜ್ಜಿ ಒನಕೆಯಲ್ಲಿ ಕುಟ್ಟಿದ ಅಕ್ಕಿಯಲ್ಲಿ ತೌಡು ಉಳಿಯುತ್ತಿತ್ತು, ರಾಗಿಯೂ ಇತ್ತು. ಅಪ್ಪನ ಕಾಲಕ್ಕೆ ಮೂರು ಹೊತ್ತೂ ಮಿಲ್ಲಿನ ಬಿಳಿ ಅಕ್ಕಿ, ನಡುವೆ ಐದಾರು ಸಿಹಿ ಟೀ. ನನ್ನ ಕಾಲಕ್ಕೆ ಬೇಕರಿಯ ಪಫ್ಸ್, ಮನೆ ಬಾಗಿಲಿಗೆ ಬರುವ ಬಿರಿಯಾನಿ. ದುಡಿಮೆ ಅಪ್ಪನನ್ನು ದಪ್ಪವಾಗಲು ಬಿಡಲಿಲ್ಲ, ಆದರೆ ತಟ್ಟೆಯಿಂದ ಕಾಪಾಡಲಿಲ್ಲ. ಒಂದು ಮನೆಯ ಕಥೆ ಪುರಾವೆಯಾಗದು, ನಿಜ. ಆದರೆ 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ನಗರಗಳಲ್ಲಿ ನೂರಕ್ಕೆ 16.4, ಹಳ್ಳಿಗಳಲ್ಲೂ 8.9.

ಹಾಗೆಂದು ವ್ಯಾಯಾಮ ವ್ಯರ್ಥವಲ್ಲ. ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ನೇರವಾಗಿ ಎಳೆದುಕೊಳ್ಳುತ್ತದೆ. ತೂಕ ಇಳಿಯದಿದ್ದರೂ ಆ ಲಾಭ ಉಂಟು. ಗಡಿಯಲ್ಲಿದ್ದವರ ಮೇಲೆ ಚೆನ್ನೈನ ವೈದ್ಯರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಡಿಗೆ ಮತ್ತು ಊಟದ ಶಿಸ್ತು ಎರಡೂ ಸೇರಿ ಕಾಯಿಲೆಯ ಅಪಾಯವನ್ನು ಶೇಕಡಾ 28ರಷ್ಟು ತಗ್ಗಿಸಿದವು.

ಪಿ.ಟಿ. ಮೇಷ್ಟ್ರು ಸೀಟಿ ಊದಿದಾಗ ಮರದ ಹಿಂದೆ ಅಡಗುತ್ತಿದ್ದವನು ನಾನು. ಈಗ ದಿನಾ ಬೆಳಿಗ್ಗೆ ನಡೆಯುತ್ತೇನೆ, ರಾತ್ರಿ ಅಪ್ಪನೊಂದಿಗೆ ಫೋನಿನಲ್ಲಿ "ಇವತ್ತು ಏನು ಉಂಡಿರಿ?" ಎಂದು ಕೇಳುತ್ತೇನೆ. ಐವತ್ತು ತುಂಬಿದ ನಮ್ಮ ಶಾಲೆಯಲ್ಲಿ ನನ್ನ ಕೋರಿಕೆ ಎರಡೇ: ಆಟದ ಮೈದಾನ ಉಳಿಯಲಿ, ಮಕ್ಕಳು ತಮ್ಮ ತಟ್ಟೆಯನ್ನೂ ಪಾಠದಂತೆ ಓದಲು ಕಲಿಯಲಿ.